ಮನೆ ಬದಲಿ, ವೈರು ಬದಲಿ: ಕೊಲ್ಹಾಪುರ ಗಡಿಯ ಮನೆಗಳಲ್ಲಿ ಸಂಪರ್ಕದ ಚರಿತ್ರೆ

ಕನ್ನಡ ಸಾಹಿತ್ಯ ಓದೋ ವಿದ್ಯಾರ್ಥಿ ಬ್ರಾಡ್‌ಬ್ಯಾಂಡ್ ಬಗ್ಗೆ ಯಾಕೆ ಮಾತಾಡ್ತಾನೆ ಅಂತ ಚಾಟ್‌ನಲ್ಲಿ ಈಗಾಗಲೇ ಒಬ್ಬರು ಕೇಳಿದ್ದಾರೆ. ಗಡಿನಾಡು ಅಂದ ಕೂಡಲೇ ನಾವು ಶಾಲೆ, ನಾಮಫಲಕ, ಆಯೋಗದ ವರದಿ ಇವುಗಳ ಸುತ್ತಲೇ ತಿರುಗುತ್ತೇವೆ. ಗಡಿ ಮನೆಯೊಳಗೆ ಹೇಗೆ ಬರುತ್ತದೆ ಅನ್ನೋದನ್ನು ಕಡಿಮೆ ನೋಡಿದ್ದೇವೆ. ನನ್ನ ಪ್ರಶ್ನೆ ಸಣ್ಣದು. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದ ಒಂದು ಕನ್ನಡ ಕುಟುಂಬ ಮನೆ ಬದಲಿಸಿದಾಗ ಪಾತ್ರೆ ಪಗಡೆ ಎಲ್ಲ ಜೊತೆಗೆ ಬರ್ತಾವ, ಗೋಡೆಗೆ ಬಂದ ವೈರು ಮಾತ್ರ ಯಾಕ ಬರೋದಿಲ್ಲ?

ಮೊದಲು ನೆಲದ ಕಥೆ. ಗಡಹಿಂಗ್ಲಜ ಹಳೆಯ ಕೊಲ್ಹಾಪುರ ಸಂಸ್ಥಾನದ್ದು. ಇಚಲಕರಂಜಿ ಅದೇ ಸಂಸ್ಥಾನದ ಅಧೀನದ ಜಹಗೀರು. 1949ರ ಮಾರ್ಚ್ 1ರಂದು ಸಂಸ್ಥಾನ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೆಳಗಾವಿ ಜಿಲ್ಲೆ ಮೈಸೂರಿಗೆ ಬಂತು, ಅದರ ಚಂದಗಡ ತಾಲೂಕು ಮಾತ್ರ ಆ ಕಡೆ ಉಳಿದು ಕೊಲ್ಹಾಪುರ ಜಿಲ್ಲೆಗೆ ಸೇರಿತು. ಗೆರೆ ಬಿತ್ತು, ಸಂಬಂಧ ಕಡಿಯಲಿಲ್ಲ. ಹಿರಣ್ಯಕೇಶಿ ಗಡಹಿಂಗ್ಲಜ ದಾಟಿ ಸಂಕೇಶ್ವರಕ್ಕೆ ಹರಿಯುತ್ತದೆ. ಹೆಣ್ಣು ಕೊಡೋದು ತರೋದು, ಸಂತೆ, ಜಾತ್ರೆ ಅದೇ ದಾರಿಯಲ್ಲಿ ನಡೀತಾವ. 1904ರಿಂದ ವಿದ್ಯುತ್ ಮಗ್ಗದ ಊರಾಗಿ ಬೆಳೆದ ಇಚಲಕರಂಜಿಗೆ ಉತ್ತರ ಕರ್ನಾಟಕದ ಕೆಲಸಗಾರರು ಬರುತ್ತಲೇ ಇದ್ದಾರೆ. ಅಂದರೆ ಮನೆ ಬದಲಿಸೋದು ಇಲ್ಲಿ ಅಪರೂಪದ ಘಟನೆ ಅಲ್ಲ, ಬದುಕಿನ ಕ್ರಮ.

ಎರಡನೆಯದು ತಂತಿಯ ಕಥೆ. 1885ರ ಭಾರತೀಯ ತಂತಿ ಕಾಯ್ದೆ ಸಂಪರ್ಕ ಸ್ಥಾಪಿಸುವ ಅಧಿಕಾರವನ್ನು ಸರ್ಕಾರದ ಕೈಯಲ್ಲಿಟ್ಟಿತು. ಮನೆಯ ಟೆಲಿಫೋನು ಮನೆಯವರ ಆಸ್ತಿ ಆಗಿರಲಿಲ್ಲ, ಇಲಾಖೆಯಿಂದ ಬಾಡಿಗೆಗೆ ಪಡೆದದ್ದು. 1994ರ ರಾಷ್ಟ್ರೀಯ ದೂರಸಂಪರ್ಕ ನೀತಿಯ ಹೊತ್ತಿಗೆ ದೇಶದಲ್ಲಿ ಸುಮಾರು 80 ಲಕ್ಷ ಸಂಪರ್ಕಗಳಿದ್ದವು, ಸುಮಾರು 25 ಲಕ್ಷ ಜನ ಕಾಯುವ ಪಟ್ಟಿಯಲ್ಲಿದ್ದರು. ಹಿಂಗಿದ್ದಾಗ ಒಂದು ಸಲ ಸಿಕ್ಕ ಫೋನನ್ನು ಯಾರು ಬಿಟ್ಟುಕೊಡ್ತಾರ? ಮನೆ ಬಿಟ್ಟರೂ ಫೋನ್ ಬಂದ್ ಮಾಡಿಸುವವರು ಕಡಿಮೆ. ಎಲ್ಲರೂ ಕೇಳುತ್ತಿದ್ದದ್ದು 'ಶಿಫ್ಟಿಂಗ್'. ಆದರೆ ನಂಬರು ಎಕ್ಸ್‌ಚೇಂಜಿಗೆ ಅಂಟಿಕೊಂಡದ್ದು. ಕೊಲ್ಹಾಪುರಕ್ಕೆ 0231, ಇಚಲಕರಂಜಿಗೆ 0230, ಗಡಹಿಂಗ್ಲಜಕ್ಕೆ 02327. ಒಂದೇ ಜಿಲ್ಲೆಯೊಳಗೆ ಊರು ಬದಲಾದರೂ ನಂಬರು ಬದಲು. ಗಡಿ ದಾಟಿ ಬೆಳಗಾವಿಗೆ ಹೋದರೆ 0831, ಅಂದರೆ ವೃತ್ತವೇ ಬೇರೆ.

ಇಲ್ಲಿ ಶಬ್ದಗಳ ಕಡೆ ಸ್ವಲ್ಪ ನೋಡೋಣ, ನಮ್ಮ ವಿಭಾಗದ ಕೆಲಸ ಅದೇ. ಗಡಿ ಕನ್ನಡದಲ್ಲಿ ನೌಕರಿಯವರು ವರ್ಗ ಆದರೂ 'ಬದಲಿ', ಮನೆ ಬಿಟ್ಟರೂ 'ಬದಲಿ'. ಮರಾಠಿ ಅರ್ಜಿಯಲ್ಲಿ ಬರೋದು 'ಸ್ಥಲಾಂತರ'. 2019ರ ಆಗಸ್ಟ್ ಮತ್ತು 2021ರ ಜುಲೈ ಮಹಾಪೂರದಲ್ಲಿ ಪಂಚಗಂಗೆಯ ದಂಡೆಯ ಜನರನ್ನು ಸಾಗಿಸಿದ್ದಕ್ಕೂ ಇದೇ ಶಬ್ದ. ಸಂಪರ್ಕದ ಅರ್ಜಿ ಮಾತ್ರ ಹಳೆಯ ವಿಳಾಸ, ಹೊಸ ವಿಳಾಸ ಎರಡೂ ಗಟ್ಟಿಯಾಗಿವೆ ಅಂತ ಭಾವಿಸುತ್ತದೆ. ಇನ್ನು ಠೇವಣಿಗೆ ಮರಾಠಿಯಲ್ಲಿ 'ಅನಾಮತ'. ಕನ್ನಡದಲ್ಲಿ 'ಅನಾಮತ್ತು' ಅಂದರೆ ಠೇವಣಿಯೂ ಹೌದು, 'ಅನಾಮತ್ತಾಗಿ ಎತ್ತಿಕೊಂಡು ಹೋದ' ಅಂದಾಗ ಇಡಿಯಾಗಿ ಅನ್ನೋ ಅರ್ಥವೂ ಹೌದು. ಮನೆ ಬದಲಿಸುವವರು ಬಯಸೋದು ಎರಡನೇ ಅರ್ಥ, ಕಚೇರಿ ಮಾತಾಡೋದು ಮೊದಲನೆಯದು.

ಮೂರನೆಯದು ಇಂಟರ್ನೆಟ್. ಸಾರ್ವಜನಿಕರಿಗೆ ಇದು ತೆರೆದದ್ದು 1995ರ ಆಗಸ್ಟ್ 15ರಂದು. 1998ರ ನವೆಂಬರ್‌ನಲ್ಲಿ ಖಾಸಗಿಯವರಿಗೆ ಪರವಾನಗಿ ಕೊಡೋದು ಶುರುವಾಯಿತು. ಪರವಾನಗಿಯಲ್ಲಿ ಮೂರು ವರ್ಗ: 'ಎ' ಇಡೀ ದೇಶಕ್ಕೆ, 'ಬಿ' ಒಂದು ದೂರಸಂಪರ್ಕ ವೃತ್ತಕ್ಕೆ, 'ಸಿ' ಒಂದು ಸೆಕೆಂಡರಿ ಸ್ವಿಚಿಂಗ್ ಏರಿಯಾಕ್ಕೆ. ಈ ಏರಿಯಾ ಸಾಮಾನ್ಯವಾಗಿ ಒಂದು ಕಂದಾಯ ಜಿಲ್ಲೆಯಷ್ಟು. ನನ್ನ ವಾದದ ಗಂಟು ಇಲ್ಲಿದೆ. ಎಸ್‌ಟಿಡಿ ಕರೆ ಸಾಗಿಸಲು ಹಾಕಿದ ವಿಭಾಗಗಳು ಜಿಲ್ಲೆಯ ಗಡಿಯನ್ನು ಅನುಸರಿಸಿದವು, ಜಿಲ್ಲೆಯ ಗಡಿ 1956ರ ಗಡಿಯನ್ನು ಅನುಸರಿಸಿತ್ತು, ಪರವಾನಗಿ ಈ ಎರಡನ್ನೂ ಹೊತ್ತುಕೊಂಡಿತು. ಗಡಹಿಂಗ್ಲಜದಿಂದ ಕೊಲ್ಹಾಪುರ 60 ಕಿಲೋಮೀಟರಿಗೂ ಹೆಚ್ಚು. 'ಸಿ' ವರ್ಗದ ಸ್ಥಳೀಯ ಸಂಸ್ಥೆ ಅಲ್ಲಿಗೆ ವರ್ಗ ಮಾಡಬಹುದು. ಸಂಕೇಶ್ವರ ಸುಮಾರು 15 ಕಿಲೋಮೀಟರ್. ಅಲ್ಲಿಗೆ ಅದು ಸೇವೆ ಕೊಡುವಂತಿಲ್ಲ. ರದ್ದು ಮಾಡಿಸಿ ಹೊಸದಾಗಿ ಅರ್ಜಿ ಹಾಕಬೇಕು. ದೇಶವ್ಯಾಪಿ ಕಂಪನಿಗೆ ಈ ತಡೆ ಇಲ್ಲ, ಆದರೆ ಹೊಸ ಓಣಿಗೆ ಅದರ ಕೇಬಲ್ ಬಂದಿರಬೇಕಲ್ಲ!

ಮೊಬೈಲ್ ಜೊತೆ ಹೋಲಿಸಿದರೆ ವಿಷಯ ಸ್ಪಷ್ಟವಾಗುತ್ತದೆ. 2011ರ ಜನವರಿ 20ರಂದು ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ ದೇಶಕ್ಕೆಲ್ಲ ಬಂತು, ಆದರೆ ವೃತ್ತದೊಳಗೆ ಮಾತ್ರ. 2015ರ ಜುಲೈ 3ರಿಂದ ವೃತ್ತದ ಗಡಿಯೂ ಬಿದ್ದುಹೋಯಿತು. ಜೇಬಿನ ನಂಬರಿಗೆ 1956ರ ಗೆರೆ ಅಳಿಸಿದೆ, ಗೋಡೆಯ ವೈರಿಗೆ ಇನ್ನೂ ಇದೆ.

ಕೊನೆಯದು ಹೆಸರಿನ ಪ್ರಶ್ನೆ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನ ಪ್ರಕಾರ ಬಾಡಿಗೆ ಕರಾರು ಬರಹದಲ್ಲಿರಬೇಕು, ನೋಂದಣಿ ಆಗಬೇಕು, ಹೊಣೆ ಮಾಲೀಕರದು. ಮಗ್ಗದ ಓಣಿಯ ಕೋಣೆಗಳಲ್ಲಿ ಬಾಯಿಮಾತೇ ಕರಾರು ಆದಾಗ ವಿಳಾಸದ ಪುರಾವೆ ಇರೋದಿಲ್ಲ. ಆಗ ಸಂಪರ್ಕ ಮಾಲೀಕರ ಹೆಸರಿಗೆ ಬರುತ್ತದೆ. ನಾವು ಗಡಹಿಂಗ್ಲಜದಿಂದ ಇಚಲಕರಂಜಿಗೆ ಬಂದಾಗ ಆಗಿದ್ದೂ ಇದೇ. ತಿಂಗಳ ಬಿಲ್ಲು ಕಟ್ಟಿದ್ದು ಅಪ್ಪ, ಅರ್ಜಿಗೆ ಸಹಿ ಬೇಕಾದ್ದು ಮಾಲೀಕರದು, ಅನಾಮತು ಮರಳಿದ್ದೂ ಅವರಿಗೇ. ಸಂಸ್ಥೆಯ ಹೆಸರು ಇಲ್ಲಿ ಬೇಡ. ಕಾಗದದ ಪ್ರಕಾರ ಅವರು ಮಾಡಿದ್ದು ಸರಿಯೇ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2009ರ ನಿಯಮಗಳು ಫೋನ್ ಸೇವೆಯನ್ನು 7 ದಿನದಲ್ಲಿ ಬಂದ್ ಮಾಡಬೇಕು, 60 ದಿನದಲ್ಲಿ ಠೇವಣಿ ಮರಳಿಸಬೇಕು ಅಂದವು. ಅವುಗಳ ಜಾಗಕ್ಕೆ 2024ರ ಹೊಸ ನಿಯಮಗಳು ಬಂದಿವೆ. ಎಲ್ಲದರಲ್ಲೂ ಹಕ್ಕು ಇರೋದು ಗ್ರಾಹಕನಿಗೆ. ಗ್ರಾಹಕ ಅಂದರೆ ದುಡ್ಡು ಕೊಟ್ಟವನಲ್ಲ, ಹೆಸರು ಇದ್ದವನು.

ಭಾಷೆಯೂ ಇಲ್ಲಿ ಸೇರುತ್ತದೆ. ಸಂವಿಧಾನದ 350ನೇ ವಿಧಿ ಕೇಂದ್ರದ ಅಥವಾ ರಾಜ್ಯದ ಅಧಿಕಾರಿಗೆ ದೂರು ಕೊಡುವಾಗ ಅಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು ಅನ್ನುತ್ತದೆ. ಫೋನು ಕೇಂದ್ರದ ಇಲಾಖೆಯದಾಗಿದ್ದಾಗ ಗಡಹಿಂಗ್ಲಜದ ಕನ್ನಡಿಗರು ಕನ್ನಡದಲ್ಲಿ ದೂರು ಬರೆಯೋದಕ್ಕೆ ಈ ಆಧಾರ ಇತ್ತು. ಓಣಿಯ ಖಾಸಗಿ ಕೇಬಲ್ ಕಚೇರಿಯ ಬಗ್ಗೆ ಆ ವಿಧಿ ಏನೂ ಹೇಳೋದಿಲ್ಲ. ಸಂಪರ್ಕ ಬೇಗ ಸಿಗುವಂತಾದ ಕಾಲದಲ್ಲೇ ಈ ಹಕ್ಕು ಸದ್ದಿಲ್ಲದೆ ಕೈತಪ್ಪಿತು.

ಹಾಗಾಗಿ ನನ್ನ ವಿನಂತಿ ಇಷ್ಟು. ನಾವು ಶಾಸನ, ಹಸ್ತಪ್ರತಿ ಹುಡುಕುವ ಹಾಗೆ ಗಡಿಯ ಮನೆಗಳಲ್ಲಿರುವ ಡಿಮಾಂಡ್ ನೋಟು, ಹಳೆಯ ಬಿಲ್ಲು, ರದ್ದತಿ ಪತ್ರಗಳನ್ನೂ ಕೂಡಿಸೋಣ. ಯಾವ ಭಾಷೆಯಲ್ಲಿ ಅರ್ಜಿ ಬರೆದರು, ಯಾರ ಹೆಸರಿನಲ್ಲಿ ಬರೆದರು, ಎಲ್ಲಿಂದ ಎಲ್ಲಿಗೆ ಹೋದರು ಅನ್ನೋದು ಅವುಗಳಲ್ಲಿ ದಾಖಲಾಗಿದೆ. ಮನೆ ಖಾಲಿ ಮಾಡುವಾಗ ಮೊದಲು ರದ್ದಿಗೆ ಹೋಗೋದು ಇವೇ ಕಾಗದ. ಪ್ರಶ್ನೆಗಳಿದ್ದರೆ ಕೇಳಬಹುದು.