ಘಟ್ಟ ಹತ್ತಿದವರ ಸಾಕ್ಷ್ಯ: ಖಾನಾಪುರದ ಸಿದ್ದಿಗಳು ಮತ್ತು 1843ರ ಕಾಯ್ದೆ

ಗುಲಾಮಗಿರಿ ವಿರೋಧಿ ಚಳವಳಿ ಎಂದೊಡನೆ ನಮ್ಮ ಬರಹಗಳು ಲಂಡನ್ನಿನ ಸಂಸತ್ತಿನತ್ತಲೋ, 1861ರ ಅಂತರ್ಯುದ್ಧಕ್ಕೆ ಮುಂಚಿನ ಅಮೆರಿಕದತ್ತಲೋ ಹೊರಳುತ್ತವೆ. 1833ರ ಬ್ರಿಟಿಷ್ ಕಾಯ್ದೆ ಈಸ್ಟ್ ಇಂಡಿಯಾ ಕಂಪನಿ ಸರಕಾರದ ಸೀಮೆಯನ್ನು ಹೊರಗಿಟ್ಟಿತ್ತು, 1843ರ 5ನೆಯ ಕಾಯ್ದೆ ಆ ಕೊರತೆಯನ್ನು ತುಂಬಿತು ಎಂಬಲ್ಲಿಗೆ ಭಾರತದ ಅಧ್ಯಾಯ ಮುಗಿಯುತ್ತದೆ. ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಂಚಿನ, ಆಫ್ರಿಕಾ ಮೂಲದ ಸಿದ್ದಿಗಳನ್ನು ಎದುರಿಗಿಟ್ಟುಕೊಂಡರೆ ಈ ಓದು ನಿಲ್ಲುವುದಿಲ್ಲ.

1843ರ ಕಾಯ್ದೆ ಯಾರನ್ನೂ ಬಿಡಿಸಲಿಲ್ಲ. ಆಳು ತನ್ನ ಸೊತ್ತೆಂಬ ಒಡೆಯನ ಹಕ್ಕನ್ನು ಕೋರ್ಟು ಎತ್ತಿಹಿಡಿಯಬಾರದು, ಕಂದಾಯದ ಬಾಕಿಗೆ ಆಳನ್ನು ಸರಕಾರಿ ನೌಕರರು ಮಾರಬಾರದು ಎಂಬುದೇ ಅದರ ಮುಖ್ಯ ಮಾತು. ಗುಲಾಮರನ್ನು ಕೊಳ್ಳುವುದು, ಮಾರುವುದು ದಂಡ ಸಂಹಿತೆಯ 370ನೆಯ ಕಲಮಿನಡಿ ಅಪರಾಧವಾದದ್ದು 1862ರ ಜನವರಿ 1ರಿಂದ. ನಡುವಿನ ವರ್ಷಗಳಲ್ಲಿ ಕಾಯ್ದೆ ಉಪಯೋಗಕ್ಕೆ ಬರಬೇಕಾದರೆ ಆಳು ಮೊದಲು ತಾನೇ ಒಡೆಯನ ಹೊಸ್ತಿಲು ದಾಟಬೇಕಿತ್ತು. ಅಮೆರಿಕದ 1850ರ ಕಾಯ್ದೆ ಓಡಿಹೋದವರನ್ನು ಹಿಡಿದೊಪ್ಪಿಸಲು ಸರಕಾರವನ್ನೇ ನಿಲ್ಲಿಸಿತು. ಇಲ್ಲಿ ಸರಕಾರ ಕೈ ಹಿಂದಕ್ಕೆಳೆದುಕೊಂಡಿತು. ಘಟ್ಟದ ಕೆಳಗೆ, ಗೋವೆಯಲ್ಲಿ, ಬೇರೆಯೇ ನ್ಯಾಯ: ಪೋರ್ಚುಗಲ್ 1836ರಲ್ಲಿ ಗುಲಾಮರ ವ್ಯಾಪಾರ ನಿಷೇಧಿಸಿದರೂ ಗುಲಾಮಸ್ಥಿತಿಯನ್ನು ರದ್ದುಪಡಿಸಿದ್ದು 1869ರಲ್ಲಿ.

ಹಾಗಾದರೆ ಕಂಪನಿಯ ಕಾಯ್ದೆಯೇ ಸಿದ್ದಿಗಳನ್ನು ಗೋವೆಯಿಂದ ಘಟ್ಟದ ಮೇಲಕ್ಕೆ ಸೆಳೆಯಿತೆ? ಬೆಳಗಾವಿ ಕಂಪನಿಯ ಕೈಸೇರಿದ್ದು 1818ರಲ್ಲಿ. ಗೋವೆಯ ಆಳುಗಳು ಘಟ್ಟದ ಮೇಲಿನ ಸೀಮೆಗೆ ಓಡಿಬರುವುದು ಅದಕ್ಕಿಂತ ಹಳೆಯದು. ಇಂದು ಬೆಳಗಾವಿ ಬಳಿಯ ಪೀರನವಾಡಿಯಿಂದ ಜಾಂಬೋಟಿ, ಚೋರ್ಲಾ ಹಾದು ಗೋವೆಗೆ ಇಳಿಯುವ ದಾರಿ ವಾಹನಗಳದ್ದು. ಆಗ ಈ ಸೆರಗಿನ ಕಾಡೇ ಮರೆ. ಆದ್ದರಿಂದ ಘಟ್ಟ ಹತ್ತಿದ ಆ ನಡಿಗೆಯನ್ನೇ ಚಳವಳಿಯೆಂದು ಎಣಿಸಬೇಕೆಂಬುದು ನನ್ನ ವಾದ. ಖಾನಾಪುರದ ಮಟ್ಟಿಗಾದರೂ, ಅದೂ ಓಡಿಬಂದವರ ಸಂತತಿಯ ಮಟ್ಟಿಗೆ. ಅರ್ಜಿ, ಸಭೆ, ಪತ್ರಿಕೆ ಇಲ್ಲದ್ದು ಚಳವಳಿಯೇ ಎಂಬ ಆಕ್ಷೇಪ ಬಂದೇ ಬರುತ್ತದೆ. ಒಬ್ಬೊಬ್ಬರ ಪಲಾಯನ ಮಾತ್ರವಾಗಿದ್ದರೆ ಆಕ್ಷೇಪ ಸರಿ. ಇಲ್ಲಿ ಹಾಗಲ್ಲ: ಕ್ರೈಸ್ತ, ಹಿಂದೂ, ಮುಸ್ಲಿಂ ಎಂದು ಹಂಚಿಹೋಗಿಯೂ ಸಿದ್ದಿ ಎಂಬ ಒಂದೇ ಹೆಸರು ಉಳಿಸಿಕೊಂಡ, ದಮಾಮಿ ಎಂಬ ಡೋಲಿನ ಒಂದೇ ಬಡಿತಕ್ಕೆ ಕುಣಿಯುವ ಸಮುದಾಯ ರೂಪುಗೊಂಡಿದೆ. ಅವರಲ್ಲಿ ಹಲವರ ಮನೆಮಾತು ಕೊಂಕಣಿ ಎಂಬುದನ್ನು ಮಾತ್ರ ನಾನು ಪುರಾವೆಯಾಗಿ ಒತ್ತಲಾರೆ. ಖಾನಾಪುರದ ಕಾಡಿನಲ್ಲಿ ನೆರೆಯವರಲ್ಲೂ ಕೆಲವರು ಅದನ್ನೇ ಆಡುತ್ತಾರೆ. ಮತಭೇದ ಇನ್ನೂ ತೊಡಕಿನದು. ಪೋರ್ಚುಗೀಸರ ಮನೆಯಾಳುಗಳಿಗೆ ಜ್ಞಾನಸ್ನಾನ ವಾಡಿಕೆಯಾಗಿದ್ದರಿಂದ, ಹಿಂದೂ, ಮುಸ್ಲಿಂ ಸಿದ್ದಿಗಳ ಪೂರ್ವಜರು ಮೇಲೆ ಬಂದಮೇಲೆ ಹೊಸ ಆಶ್ರಯದಾತರ ಮತ ಹಿಡಿದಿರಬಹುದು, ಇಲ್ಲವೇ ಬೇರೆ ದಾರಿಯಿಂದ, ಮಾರಾಟದ ಸರಕಾಗಿಯೇ, ಘಟ್ಟ ಹತ್ತಿರಬಹುದು. ಎರಡನೆಯದೇ ನಿಜವಾದರೆ ನನ್ನ ವಾದದ ವ್ಯಾಪ್ತಿ ಕ್ರೈಸ್ತ ಸಿದ್ದಿಗಳಷ್ಟಕ್ಕೆ ಕುಗ್ಗುತ್ತದೆ.