ಇಕ್ಕಳದಿಂದ ಹಿಡಿಯವರೆಗೆ

ದಕ್ಷಿಣ ಕರ್ನಾಟಕದ ಹಳೆಯ ಅಡುಗೆಮನೆಯಲ್ಲಿ ಒಲೆಯ ಮೇಲಿಡುವ ಪಾತ್ರೆಗಳ ಪೈಕಿ ಬಹುಪಾಲಿಗೆ ಹಿಡಿ ಇರಲಿಲ್ಲ. ಮಣ್ಣಿನ ಮಡಕೆ, ಬಳಪದ ಕಲ್ಲಿನ ಕಲ್ಚಟ್ಟಿ, ಕಲಾಯಿ ಹಾಕಿಸಿದ ಹಿತ್ತಾಳೆ ತಪ್ಪಲೆ ಇವನ್ನೆಲ್ಲ ಇಳಿಸುವ ಕೆಲಸ ಇಕ್ಕಳದ್ದೋ ಮಸಿಬಟ್ಟೆಯದೋ ಆಗಿತ್ತು. ಇಕ್ಕಳವೂ ಕಬ್ಬಿಣದ್ದೇ ಆದರೂ ಅದು ಪಾತ್ರೆಯ ಕಂಠವನ್ನು ಮುಟ್ಟುವ ಜಾಗ ಕಿರಿದು, ಮುಟ್ಟುವ ಹೊತ್ತು ಅಲ್ಪ. ಹಾಗಾಗಿ ಬಿಸಿ ಕೈಗೆ ಏರುವ ಮೊದಲೇ ಪಾತ್ರೆ ನೆಲಕ್ಕೆ ಬಂದಿರುತ್ತಿತ್ತು. ಉಷ್ಣನಿರೋಧ, ಅಂದರೆ ಶಾಖದ ಹರಿವಿಗೆ ಒಡ್ಡುವ ತಡೆ, ಆಗ ಪಾತ್ರೆಯ ಅಂಗವಾಗಿರದೆ ಅದರ ಹೊರಗಿನ ಸಲಕರಣೆಯಾಗಿತ್ತು. ಆ ತಡೆ ಪಾತ್ರೆಯ ಮೈಗೇ ಸೇರಿಕೊಂಡ ಬದಲಾವಣೆಯಲ್ಲಿ ಬೆಂಗಳೂರಿನ ಹೊರವಲಯದ ಕಾರ್ಖಾನೆಗಳಿಗೆ ದೊಡ್ಡ ಪಾಲಿದೆ.

ಒಂದು ವಸ್ತು ತನ್ನ ಮೂಲಕ ಶಾಖವನ್ನು ಎಷ್ಟು ಬೇಗ ಹರಿಯಗೊಡುತ್ತದೆ ಎಂಬುದನ್ನು ಉಷ್ಣವಾಹಕತೆ ಎನ್ನುತ್ತಾರೆ. ಅದರ ರೂಢಿಯ ಮಾನದಲ್ಲಿ ತಾಮ್ರದ ಬೆಲೆ ಸುಮಾರು 400, ಅಲ್ಯುಮಿನಿಯಂನದು 200ಕ್ಕೂ ಹೆಚ್ಚು, ಸ್ಟೇನ್‌ಲೆಸ್ ಸ್ಟೀಲಿನದು ಸುಮಾರು 15, ಬಳಪದ ಕಲ್ಲಿನದು 3ರ ಆಸುಪಾಸು. ಹೊಯ್ಸಳ ಶಿಲ್ಪಿಗಳು ದೇವಾಲಯಗಳಿಗೆ ಬಳಸಿದ ಈ ಕಲ್ಲು ಕಾಯುವುದೂ ನಿಧಾನ, ಆರುವುದೂ ನಿಧಾನ. ಇಳಿಸಿದ ಮೇಲೂ ಕಲ್ಚಟ್ಟಿಯ ಹುಳಿ ಕುದಿಯುತ್ತಲೇ ಇರುವುದು ಇದರಿಂದ. ಅಲ್ಯುಮಿನಿಯಂ ಇದಕ್ಕೆ ತದ್ವಿರುದ್ಧ. ತಳಕ್ಕೆ ಬಿದ್ದ ಉರಿ ಕ್ಷಣಗಳಲ್ಲಿ ಕಂಠದವರೆಗೆ ಹರಡುವ ಗುಣವೇ ಅಡುಗೆಗೆ ಅನುಕೂಲ, ಕೈಗೆ ಅಪಾಯ.

ವೈಟ್‌ಫೀಲ್ಡಿನ ದಾರಿಯಲ್ಲಿ ಕೃಷ್ಣರಾಜಪುರಕ್ಕೆ ಸಮೀಪದ ದೂರವಾಣಿನಗರಕ್ಕೆ ಆ ಹೆಸರು ಬಂದದ್ದು 1948ರಲ್ಲಿ ಸ್ಥಾಪನೆಯಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್‌ನಿಂದ. ಅದೇ ನೆರೆಯಲ್ಲಿ, ಬ್ರಿಟನ್ನಿನ ಪ್ರೆಸ್ಟೀಜ್ ಸಂಸ್ಥೆಯ ಸಹಯೋಗದೊಂದಿಗೆ, ಟಿ.ಟಿ.ಕೆ. ಸಮೂಹ 1959ರಲ್ಲಿ ಪ್ರೆಷರ್ ಕುಕ್ಕರುಗಳ ತಯಾರಿಕೆ ಆರಂಭಿಸಿತು. ಕುಕ್ಕರಿನ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಅದರ ಸೀಟಿಯನ್ನೂ ಗ್ಯಾಸ್ಕೆಟ್ಟನ್ನೂ ವರ್ಣಿಸಿ ಹಿಡಿಯನ್ನು ಮರೆಯುತ್ತಾರೆ, ಅದು ಸರಿಯಲ್ಲ. ಒಳಗಿನ ಹಬೆ ವಾಯುಮಂಡಲದ ಒತ್ತಡಕ್ಕಿಂತ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಹೆಚ್ಚಾದಾಗ ನೀರು 120 ಡಿಗ್ರಿ ಸೆಲ್ಸಿಯಸ್ ಹತ್ತಿರ ಕುದಿಯುತ್ತದೆ. ಅಷ್ಟು ಕಾದ ಅಲ್ಯುಮಿನಿಯಂ ಪಾತ್ರೆಯನ್ನು ಎತ್ತುವುದಷ್ಟೇ ಅಲ್ಲ, ಹೊರಮುಚ್ಚಳದ ಮಾದರಿಯಲ್ಲಿ ಮುಚ್ಚಳವನ್ನು ತಿರುಗಿಸಿ ಎರಡೂ ಹಿಡಿಗಳನ್ನು ಒಂದರ ಮೇಲೊಂದು ತಂದು ಬಿಗಿಯಬೇಕಾಗುತ್ತದೆ. ಇಕ್ಕಳ ಇಲ್ಲಿ ನಿರುಪಯೋಗಿ. ಹಿಡಿಯೇ ಸನ್ನೆ, ಹಿಡಿಯೇ ಬೀಗ, ಹಿಡಿಯೇ ಶಾಖದ ತಡೆ.

ಈ ಮೂರೂ ಕೆಲಸಕ್ಕೆ ಒದಗಿದ ವಸ್ತು ಬೇಕಲೈಟ್. ಬೆಲ್ಜಿಯಂ ಮೂಲದ ರಸಾಯನಶಾಸ್ತ್ರಜ್ಞ ಲಿಯೊ ಬೇಕ್‌ಲ್ಯಾಂಡ್ 1907ರಲ್ಲಿ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್‌ಗಳಿಂದ ಇದನ್ನು ಪಡೆದಾಗ ಉದ್ದೇಶವಿದ್ದದ್ದು ವಿದ್ಯುತ್ತನ್ನು ತಡೆಯುವುದು. ಹಳೆಯ ಕಪ್ಪು ಟೆಲಿಫೋನಿನ ಮೈಯೂ ಇದೇ ಜಾತಿಯ ವಸ್ತುವಿನದು. ಇದರ ಉಷ್ಣವಾಹಕತೆ ಅಲ್ಯುಮಿನಿಯಂನ ಸುಮಾರು ಸಾವಿರದಲ್ಲೊಂದು ಪಾಲು. ಹುಡಿಯನ್ನು ಕಾದ ಉಕ್ಕಿನ ಅಚ್ಚಿನಲ್ಲಿ ತುಂಬಿ ಪ್ರೆಸ್ಸಿನಲ್ಲಿ ಒತ್ತಿದಾಗ ಅದು ಒಮ್ಮೆ ಕರಗಿ ಗಟ್ಟಿಯಾಗುತ್ತದೆ, ಮತ್ತೆ ಕಾಯಿಸಿದರೆ ಕರಗುವುದಿಲ್ಲ, ಅತಿಯಾದರೆ ಕರಕಾಗುತ್ತದೆ. ಆ ಹುಡಿಗೆ ಮರದ ಪುಡಿಯನ್ನು ಬೆರೆಸುವುದು ವಾಡಿಕೆಯಾದ್ದರಿಂದ ದೋಸೆಹೆಂಚಿನ ಹಳೆಯ ಮರದ ಹಿಡಿ ಪೂರ್ತಿ ಮರೆಯಾಯಿತೆನ್ನಲಾಗದು. ಅಚ್ಚು ಕೊರೆಯುವ, ಪ್ರೆಸ್ ನಡೆಸುವ ಇಂಥ ಕುಶಲಕರ್ಮಕ್ಕೆ 1970ರ ದಶಕದಿಂದ ಬೆಳೆದ ಪೀಣ್ಯದ ಸಣ್ಣ ಕೈಗಾರಿಕೆಗಳು ನೆಲೆಯಾದವು. ಹಿಡಿ ಪಾತ್ರೆಯನ್ನು ಸೇರುವಲ್ಲಿ ಲೋಹದ ತುಂಡು ಮತ್ತು ಸ್ಕ್ರೂ ಇರಲೇಬೇಕು. ಶಾಖ ನುಸುಳುವುದು ಅಲ್ಲಿಯೇ, ಗ್ಯಾಸಿನ ಉರಿ ಪಕ್ಕಕ್ಕೆ ನಾಲಿಗೆ ಚಾಚಿದಾಗ ಹಿಡಿ ಮೊದಲು ಸುಡುವುದೂ ಅಲ್ಲಿಯೇ.

ಮುಂದೆ ಬಂದ ಸ್ಟೀಲಿನ ಪಾತ್ರೆಗೆ ವಾಹಕತೆ ಕಡಿಮೆಯಾದ್ದರಿಂದ ತಳಕ್ಕೆ ಅಲ್ಯುಮಿನಿಯಂ ಬಿಲ್ಲೆ ಕೂಡಿಸುವುದು ಅನಿವಾರ್ಯವಾಯಿತು. ಎಲೆಕ್ಟ್ರಾನಿಕ್ ಸಿಟಿಯ ಬಾಡಿಗೆ ಕೋಣೆಗಳಲ್ಲಿ ಕಾಣುವ ಇಂಡಕ್ಷನ್ ಒಲೆಯಲ್ಲಿ ಶಾಖ ಹುಟ್ಟುವುದು ಪಾತ್ರೆಯ ತಳದಲ್ಲೇ ಆದುದರಿಂದ ಹಿಡಿಗೆ ಉರಿ ತಗಲುವ ಭಯವಿಲ್ಲ. ಗ್ಯಾಸಿನ ಒಲೆಯ ಮನೆಗಳಲ್ಲಿ ಆ ಭಯ ಉಳಿದೇ ಇದೆ. ಅದಕ್ಕೆಂದೇ ಪಾತ್ರೆ ಅಂಗಡಿಗಳಲ್ಲಿ ಇಂದಿಗೂ ಗ್ಯಾಸ್ಕೆಟ್ಟಿನ ಪಕ್ಕದಲ್ಲಿ ಕುಕ್ಕರಿನ ಹಿಡಿಯೂ ಬಿಡಿಭಾಗವಾಗಿ ಮಾರಾಟಕ್ಕಿರುತ್ತದೆ.