ದೋಣಿ ದಾರಿಗೂ ಮೊದಲು ನೀರುಗಂಟಿ

ವಿದೇಶದ ನಗರಗಳಲ್ಲಿ ನದಿಯೊಳಗೇ ಹುಟ್ಟು ಹಾಕ್ಕೊಂಡು ಹೋಗೋ ದೋಣಿ ದಾರಿ ಮಾಡ್ತಾರೆ. ಬೆಂಗಳೂರಲ್ಲಿ ಅದಕ್ಕೆ ಹತ್ತಿರದ್ದು ಕೆ-100, ಮೆಜೆಸ್ಟಿಕ್‌ನಿಂದ ಬೆಳ್ಳಂದೂರು ಕಡೆ ಹರಿಯುವ ರಾಜಕಾಲುವೆ. ದೋಣಿ ಇಲ್ಲ, ದಂಡೆಯಲ್ಲಿ ನಡೆಯೋ ದಾರಿ. ಸೋಲ್ ನಗರದವರು ಮೇಲ್ಸೇತುವೆ ಕೆಡವಿ 2005ರಲ್ಲಿ ತೆರೆದ ತೊರೆಯೇ ಇದಕ್ಕೆ ಸ್ಫೂರ್ತಿ.

ಒಳ್ಳೇದೇ. ಆದ್ರೆ ರಾಜಕಾಲುವೆ ಹುಟ್ಟಿದ್ದು ಚರಂಡಿಯಾಗಿ ಅಲ್ಲ, ಒಂದು ಕೆರೆಯ ಕೋಡಿ ನೀರು ಇನ್ನೊಂದಕ್ಕೆ ಮುಟ್ಟಿಸೋಕೆ. ಇವತ್ತಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಆವತ್ತಿನ ಧರ್ಮಾಂಬುಧಿ ಕೆರೆ. ಹಳೇ ಮೈಸೂರು ಸೀಮೆಯಲ್ಲಿ ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಂಚಿದವನು ನೀರುಗಂಟಿ. ಬಹಳ ಊರುಗಳಲ್ಲಿ ಆತ ನಮ್ಮವನೇ. ಕೂಲಿ ಅಂದ್ರೆ ಸುಗ್ಗಿಯಲ್ಲಿ ಕೊಡೋ ಕಾಳು. ಊರಿಗೆಲ್ಲ ನೀರು ಬಿಟ್ಟ ಕೈ ಊರಬಾವಿಯ ಹಗ್ಗ ಮುಟ್ಟೋ ಹಾಗಿರಲಿಲ್ಲ!

ಮಹಾಡ್‌ನ ಚವದಾರ್ ಕೆರೆಯನ್ನು ಪುರಸಭೆ 1924ರಲ್ಲೇ ಎಲ್ಲರಿಗೂ ತೆರೆದಿತ್ತು, ಕಾಗದದ ಮೇಲೆ. ಬಾಬಾಸಾಹೇಬರು ಬೊಗಸೆ ನೀರು ಕುಡಿದದ್ದು 1927ರ ಮಾರ್ಚ್ 20ಕ್ಕೆ. ಹೈಕೋರ್ಟ್ ತೀರ್ಪು ಬಂದದ್ದು 1937ಕ್ಕೆ. ಫೈಲು ನೋಡೋ ಗುಮಾಸ್ತ ನಾನು, ಆದೇಶಕ್ಕೂ ನೀರಿಗೂ ಎಷ್ಟು ದೂರ ಅಂತ ಗೊತ್ತು.

ಕೊರಟಗೆರೆ, ಮಧುಗಿರಿ ದಾಟೋ ನಮ್ಮ ಜಯಮಂಗಲಿಯಲ್ಲಿ ದೋಣಿ ಮಾತು ದೂರ, ಮಳೆ ಬಿಟ್ಟರೆ ಮರಳೇ. ನಮ್ಮ ಸೀಮೆಗೆ ನೀರು ಕೊಟ್ಟಿದ್ದು ಕೆರೆ, ಮರಳಲ್ಲಿ ಒಸರೋ ತಲಪರಿಗೆ. ಶಿರಾ, ಪಾವಗಡದವರೂ ಹೇಳಿ: ನಿಮ್ಮೂರ ಕೆರೆಯ ನೀರುಗಂಟಿ ಯಾರು? ಅಜ್ಜನ ಹೆಸರು ಮನೆಯಲ್ಲಿ ಕೇಳಿ, ಕೆಳಗೆ ಬರೀರಿ.